ಏಳು ಹೆಸರಿನ ತಟ್ಟೆ

ನನ್ನ ಅವ್ವ ಉಣ್ಣುವುದನ್ನು ಬಿಟ್ಟು ಹನ್ನೊಂದು ದಿನವಾಗಿತ್ತು. ಹಟವಲ್ಲ, ವ್ರತವಲ್ಲ, ಹೊಟ್ಟೆನೋವೂ ಅಲ್ಲ. ತಟ್ಟೆ ಮಾರಿಕೊಂಡವರು ನಮ್ಮ ಊರಿನಲ್ಲಿ ಕಡೆಗೆ ಹೀಗೇ ಆಗುತ್ತಾರೆ. ಒಂದು ದಿನ ರೊಟ್ಟಿಯ ತುಣುಕು ಕೈಯಲ್ಲಿ ಹಿಡಿದುಕೊಂಡು, ಇದನ್ನು ಎಲ್ಲಿ ಇಡಬೇಕಿತ್ತು ಎಂದು ಮರೆತವರ ಹಾಗೆ ಅತ್ತ ಇತ್ತ ನೋಡುತ್ತಾರೆ. ಆಮೇಲೆ ಅದನ್ನು ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಅಷ್ಟೇ. ಅಲ್ಲಿಂದ ಹದಿನೈದೋ ಇಪ್ಪತ್ತೋ ದಿನ. ಪಕ್ಕದ ಓಣಿಯ ಗದಿಗೆವ್ವ ಹದಿನೆಂಟನೆಯ ದಿನಕ್ಕೆ ಹೋದಳು. ಹಾಗಾಗಿ ಹನ್ನೊಂದು ಎಂದರೆ ಎಷ್ಟು ಎಂಬುದು ನನಗೆ ಗೊತ್ತಿತ್ತು.

ನಾನು ಮೋನೇಶ. ಅವ್ವನ ಬಾಯಲ್ಲಿ ಮೋನ್ಯಾ. ನಮ್ಮದು ಹೆಸರು ಕೊರೆಯುವ ಮನೆ. ಮುತ್ಯಾ ಕೊರೆಯುತ್ತಿದ್ದ, ಅಪ್ಪ ಕೊರೆಯುತ್ತಿದ್ದ, ಅಪ್ಪನ ಕೈ ನಡುಗತೊಡಗಿದ ಮೇಲೆ ನಾನು. ಕೂಸಿಗೆ ಹೆಸರಿಡುವ ದಿನ ಸೋದರಮಾವ ಬೆಳ್ಳಿ ತಟ್ಟೆ ತರುತ್ತಾನೆ. ನಾವು ಅದನ್ನು ಬೋರಲು ಹಾಕಿ ತಳಕ್ಕೆ ಹೆಸರು ಕೊರೆಯುತ್ತೇವೆ. ಅವತ್ತಿನಿಂದ ಆ ಕೂಸಿಗೆ ಆ ತಟ್ಟೆಯಲ್ಲಿ ಉಂಡದ್ದು ಮಾತ್ರ ರುಚಿ, ಬೇರೆ ಯಾವುದರಲ್ಲಿ ಉಂಡರೂ ಸಪ್ಪೆ. ಮದುವೆಗೆ ಹೋಗುವವರು ಕಂಕುಳಲ್ಲಿ ತಟ್ಟೆ ಇಟ್ಟುಕೊಂಡೇ ಹೋಗುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವವರು ಮೊದಲು ತಟ್ಟೆ ತಗೊಂಡಳೇ ಎಂದು ಗಂಟು ಬಿಚ್ಚಿ ನೋಡುತ್ತಾರೆ, ಅಳುವುದು ಆಮೇಲೆ. ಸತ್ತವರ ಹೆಸರನ್ನು ಹೆರೆದು ಅದೇ ಜಾಗದ ಪಕ್ಕ ಮೊಮ್ಮಕ್ಕಳ ಹೆಸರು ಹಾಕುತ್ತೇವೆ.

ತಟ್ಟೆಯ ಮೇಲೆ ಹೇಗಿದೆಯೋ ಹಾಗೆಯೇ ಹೆಸರು. ನನ್ನ ಮುತ್ಯಾ ಶಾಲೆಯ ಕಟ್ಟೆ ಹತ್ತಿದವನಲ್ಲ. ಗೌಡರ ಮನೆಯ ಶಂಕರಪ್ಪನಿಗೆ ಸೊನ್ನೆ ಮರೆತು ಶಕರಪ್ಪ ಎಂದು ಕೊರೆದುಬಿಟ್ಟಿದ್ದ. ಸೊನ್ನೆ ಸೇರಿಸಿಕೊಡಲೇ ಎಂದು ಅಪ್ಪ ಒಮ್ಮೆ ಕೇಳಿದಾಗ ಶಕರಪ್ಪ, "ಬ್ಯಾಡೋ ಕಾಳಪ್ಪ, ಸೊನ್ನಿ ಹಾಕಿದ್ರ ಅಂವಾ ಬ್ಯಾರೆ ಯಾವನೋ ಆಗ್ತಾನ, ನನ್ನ ಊಟ ಅಂವಾ ಉಂಡು ಹೋಗ್ತಾನ" ಎಂದು ನಕ್ಕಿದ್ದ. ಮುದುಕ ಈಗಲೂ ಶಕರಪ್ಪನೇ.

ತಟ್ಟೆ ಇಲ್ಲದವರನ್ನು ಊರು ಸಪ್ಪೆ ಮಂದಿ ಎನ್ನುತ್ತದೆ. ಅವರಿಗೆ ಬಿಸಿ ಗೊತ್ತಾಗುತ್ತದೆ, ಗಟ್ಟಿ ಮೆತ್ತಗೆ ಗೊತ್ತಾಗುತ್ತದೆ, ಮೆಣಸಿನಕಾಯಿಯ ಉರಿ ಗೊತ್ತಾಗುತ್ತದೆ. ಅದಕ್ಕೇ ಅವರು ಹಸಿ ಮೆಣಸಿನಕಾಯಿ ಕಡಿಯುತ್ತಾರೆ, ಹುರಿದ ಶೇಂಗಾ ಕಟಕಟ ಅಗಿಯುತ್ತಾರೆ, ಬಾಯಲ್ಲಿ ಏನೋ ನಡೆಯುತ್ತಿದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನ ಎದುರು ಗುರಸಿದ್ದನ ಖಾನಾವಳಿಯಲ್ಲಿ ಅವರಿಗೆ ಹಿತ್ತಲ ಬಾಗಿಲ ಹತ್ತಿರ ಬೇರೆ ಸಾಲು. ಮೊನ್ನೆಯ ಪಲ್ಯ, ಹಳಸಿದ ಸಾರು, ಎರಡು ಸಲ ಕುದಿಸಿದ ಪುಡಿಯ ಚಹಾ, ಎಲ್ಲ ಆ ಸಾಲಿಗೆ. ಆಗ ನನಗೆ ಹದಿನೇಳು ವರ್ಷ. ಒಂದು ಮಧ್ಯಾಹ್ನ ಅಲ್ಲಿ ನಿಂತಿದ್ದಾಗ ಬದನೆಕಾಯಿ ಪಲ್ಯದ ಮೇಲೆ ಗುಳ್ಳೆ ಏಳುತ್ತಿರುವುದನ್ನು ನೋಡಿದೆ.

"ಗುರಸಿದ್ದಣ್ಣ, ಇದು ಹಳಸೇತಿ."

"ಹಳಸ್ಲಿ ಬಿಡಲೇ. ಅವಕ್ಕೇನ್ ತಿಳೀತೈತಿ?"

ಅವಕ್ಕೆ ಎಂದ. ಅವರಿಗೆ ಎನ್ನಲಿಲ್ಲ, ದನಕ್ಕೆ ಅಂದಂತೆ ಅವಕ್ಕೆ ಎಂದ. ಸಾರಿನ ಕೊಳಗದಲ್ಲಿದ್ದ ಹಿತ್ತಾಳೆ ಸೌಟು ನನ್ನ ಕೈಗೆ ಸಿಕ್ಕಿತು. ಅವನ ದವಡೆ ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ. ನಾನೇನೂ ಪಶ್ಚಾತ್ತಾಪ ಪಡುವವನಲ್ಲ.

ಠಾಣೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಐದನೆಯ ದಿನ ಮನೆಗೆ ಬಂದಾಗ ಅವ್ವ ನನ್ನ ತಟ್ಟೆಯಲ್ಲಿ ಬಿಸಿ ರೊಟ್ಟಿ ಹಾಕಿ ಎದುರಿಗೆ ಕುಳಿತಳು. ಅವಳ ಮುಂದೆ ಸ್ಟೀಲಿನ ತಟ್ಟೆ ಇತ್ತು. ಅವ್ವ ನಮ್ಮೊಂದಿಗೆ ಕುಳಿತು ಉಂಡದ್ದೇ ಇಲ್ಲ. ಎಲ್ಲರದ್ದೂ ಆದ ಮೇಲೆ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು, ತಟ್ಟೆಯನ್ನು ತಾನೇ ತೊಳೆದು ತಾನೇ ಎತ್ತಿಡುತ್ತಿದ್ದಳು. ಅವತ್ತು ಎದುರಿಗೆ ಕುಳಿತದ್ದೇ ವಿಚಿತ್ರವಾಗಿತ್ತು.

"ನಿನ್ನ ತಟ್ಟಿ ಎಲ್ಲಿ ಯವ್ವಾ?"

"ಅದರಾಗೇನೈತಿ. ಉಣ್ಣು, ಆರ್ತೈತಿ."

ನನ್ನನ್ನು ಠಾಣೆಯಿಂದ ಬಿಡಿಸುವ ದುಡ್ಡಿಗಾಗಿ ತಟ್ಟೆ ಹಳೆಯ ಕಚೇರಿ ಬಂಗಲೆಗೆ ಹೋಗಿತ್ತು. ಒಯ್ದು ಕೊಟ್ಟು ಬಂದವನು ಅಪ್ಪ. ಅವತ್ತಿನಿಂದ ಆರು ವರ್ಷ ನಾನು ಅಪ್ಪನ ಕೂಡ ಮಾತಾಡಲಿಲ್ಲ. ಒಂದೇ ಕಟ್ಟೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದೆವು. ಉಳಿ ಬೇಕಾದರೆ ಕೈ ಚಾಚುತ್ತಿದ್ದೆ, ಅವನು ಕೊಡುತ್ತಿದ್ದ.

ಕಚೇರಿ ಬಂಗಲೆಯಲ್ಲಿ ಇದ್ದವರು ಮೃಣಾಲಿನಿಬಾಯಿ. ನಮ್ಮ ಊರ ಆಚೆಯಿಂದ ಬಂದವರು, ಯಾವುದರಲ್ಲಿ ಉಂಡರೂ ರುಚಿ ಸಿಗುವವರು. ಹಳೆಯ ಬೆಳ್ಳಿ ಎಂದರೆ ಅವರಿಗೆ ಜೀವ. ಪಡಸಾಲೆಯಿಂದ ಹಿಡಿದು ಮಲಗುವ ಕೋಣೆಯವರೆಗೆ ಗಾಜಿನ ಕಪಾಟು, ಒಳಗೆ ತಟ್ಟೆ, ಬಟ್ಟಲು, ತಂಬಿಗೆ, ಕೂಸಿಗೆ ಹಾಲು ಕುಡಿಸುವ ಒಳಲೆ. ಒಂದು ಕಪಾಟಿನ ತುಂಬ ಬೇರೆ ದೇಶದ ಚಮಚ, ಚಾಕು, ಮುಳ್ಳುಚಮಚ. ಅವುಗಳ ಹಿಡಿಯ ಹಿಂದೆ ಕಾಳಿನಷ್ಟು ಸಣ್ಣ ಸಿಂಹದ ಮುದ್ರೆ, ಅದರ ಪಕ್ಕ ವರ್ಷ ತಿಳಿಸುವ ಒಂದು ಅಕ್ಷರ. ಸಿಂಹ ಇದ್ದರೆ ಬೆಳ್ಳಿ ಚೊಕ್ಕ ಎಂದು ಅವರೇ ನನಗೆ ಭೂತಗನ್ನಡಿ ಕೊಟ್ಟು ತೋರಿಸಿದರು. ಬೆಳ್ಳಿ ಕಪ್ಪಾಗದಿರಲೆಂದು ಪ್ರತಿ ಕಪಾಟಿನ ಮೂಲೆಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಇಡುತ್ತಿದ್ದರು. ಬಿಳಿ ಕೈಗವಸು ಹಾಕಿಕೊಳ್ಳದೆ ಯಾವುದನ್ನೂ ಮುಟ್ಟುತ್ತಿರಲಿಲ್ಲ, ನನಗೂ ಒಂದು ಜೊತೆ ಕೊಟ್ಟಿದ್ದರು. ಶನಿವಾರ ಹೋಗಿ ಒರೆಸುವುದು, ಹೆಸರು ಓದಿ ಚೀಟಿ ಅಂಟಿಸುವುದು ನನ್ನ ಕೆಲಸ. ನನ್ನನ್ನು ಕೆಲಸಕ್ಕೆ ಕರೆದದ್ದು ಅವರು, ಆದರೆ ನಾನು ಹೋಗುತ್ತಿದ್ದದ್ದು ಮೂರನೆಯ ಕಪಾಟಿಗಾಗಿ. ಅದರ ನಡುವಿನ ಹಲಗೆಯ ಮೇಲೆ ಅವ್ವನ ತಟ್ಟೆ ಇತ್ತು. ಅದಕ್ಕೆ ಮಾತ್ರ ಬೇರೆ ಬೀಗ. ಬಾಯಿಯವರನ್ನು ಬಿಟ್ಟು ಯಾರೂ ಅದನ್ನು ಒರೆಸುವಂತಿರಲಿಲ್ಲ. ನಾನು ಗಾಜಿನ ಈಚೆ ನಿಂತು ನೋಡುತ್ತಿದ್ದೆ.

ಅದು ಬಾಯಿಯವರ ಸಂಗ್ರಹದ ಕಣ್ಣು. ಅವ್ವನ ಅಜ್ಜಿ, ಅವಳ ಅಜ್ಜಿ, ಅವಳ ಅಜ್ಜಿ, ಹೀಗೆ ಆರು ಜನ ಉಂಡು ಸತ್ತ ತಟ್ಟೆ, ಏಳನೆಯವಳು ಅವ್ವ. ಹೆರೆದ ಹೆಸರು ಬರಿಗಣ್ಣಿಗೆ ಕಾಣುವುದಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದ ಆಚೆಯ ಅತಿಥಿಗಳ ಮುಂದೆ ಬಾಯಿಯವರು ಅದನ್ನು ಬೋರಲು ಹಿಡಿದು, ಬಾಯಿ ಅಗಲಿಸಿ 'ಹಾ' ಎಂದು ಉಸಿರು ಬಿಡುತ್ತಿದ್ದರು. ಆವಿ ಕಟ್ಟಿದ ಬೆಳ್ಳಿಯ ಮೇಲೆ ಸತ್ತವರ ಹೆಸರು ಒಂದೊಂದಾಗಿ ಏಳುತ್ತಿದ್ದವು, ಆವಿ ಆರಿದಂತೆ ಮುಳುಗುತ್ತಿದ್ದವು. ಅತಿಥಿಗಳು ನಿಟ್ಟುಸಿರು ಬಿಡುತ್ತಿದ್ದರು. ಆಮೇಲೆ ಅದರಲ್ಲಿ ಹೋಳಿಗೆ ಬಡಿಸುತ್ತಿದ್ದರು.

ಹನ್ನೊಂದನೆಯ ದಿನ ನಾನು ಬಂಗಲೆಗೆ ಹೋದೆ. ಬಾಯಿಯವರು ವರಾಂಡದಲ್ಲಿ ಪತ್ರ ಓದುತ್ತಿದ್ದರು.

"ಬಾಯಾರ, ನಮ್ಮವ್ವ ಉಣ್ಣೂದು ಬಿಟ್ಟಾಳ್ರೀ."

ಅವರು ಕನ್ನಡಕ ತೆಗೆದರು. ಕೆಟ್ಟವರಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಅವರ ಕಣ್ಣಲ್ಲಿ ನೀರು ಬಂದೇ ಬಂತು.

"ಎಷ್ಟು ದಿನವಾಯಿತು ಮೋನೇಶ?"

"ಹನ್ನೊಂದು. ಆ ತಟ್ಟಿ ಒಂದ್ ನಾಕು ದಿನ ಕೊಡ್ರಿ. ರುಚಿ ಸಿಕ್ರ ಮತ್ತ ಹಸಿವು ನೆನಪಾಗ್ತೈತಿ. ಹೊಳ್ಳಿ ತಂದು ಇಡ್ತೇನ್ರಿ."

"ಒಂದು ಹೊರಗೆ ಕಳಿಸಿದರೆ ನಾಳೆ ಎಲ್ಲರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರಪ್ಪ. ಯಾರಿಗೆ ಇಲ್ಲ ಅನ್ನಲಿ? ಇವೆಲ್ಲ ಊರಿನ ಆಸ್ತಿ, ನಾನು ಕಾಯುತ್ತಿದ್ದೇನೆ ಅಷ್ಟೇ." ಓದುತ್ತಿದ್ದ ಪತ್ರ ಮಡಚಿದರು. ಮುಖ ಅರಳಿತು. "ಒಂದು ಕೆಲಸ ಮಾಡು. ನಾಡಿದ್ದು ಭಾನುವಾರ ಅವರನ್ನೇ ಇಲ್ಲಿಗೆ ಕರೆದುಕೊಂಡು ಬಾ. ನಮ್ಮ ಜೊತೆ ಮೇಜಿಗೆ ಕೂರಲಿ. ತಟ್ಟೆಯ ಒಡತಿಯೇ ಅದರಲ್ಲಿ ಊಟ ಮಾಡುವುದನ್ನು ನೋಡುವುದು ಅಂದರೆ, ಬಂದವರಿಗೂ ಅದೊಂದು ಭಾಗ್ಯ."

ನಾನು ಮೆಟ್ಟಿಲು ಇಳಿದೆ. ಕೈಗೆ ಸೌಟು ಸಿಗದಿದ್ದದ್ದು ಅವರ ಪುಣ್ಯ.

ಅವ್ವನಿಗೆ ಹೇಳಿದಾಗ ಅವಳು ಹಾಸಿಗೆಯಿಂದ ತಲೆಯೆತ್ತದೆ ನಕ್ಕಳು. "ಗಂಡನ ಮುಂದನ ಕುಂತು ಉಂಡಿಲ್ಲ ನಾ. ಮಂದಿ ಮುಂದ ಉಣ್ಣಲೇನು, ಕೋಡಗದ ಆಟದಾಗಿನ ಮಂಗ್ಯಾ ಉಂಡಂಗ?"

"ಹಂಗಾದ್ರ ಸಾಯ್ತಿಯೇನು?"

"ಸಾಯಾಕ ಯಾರ್ ಹೊಂಟಾರ? ಒಲ್ಲೆ ಅನಸ್ತೈತಿ ಅಷ್ಟ."

"ಏನ್ ಕೊಟ್ರ ಉಂಡಿ? ತಟ್ಟಿ ಇತ್ತಪಾ ಅಂತ ತಿಳಕೊ. ಏನ್ ಬೇಕು?"

ಅವಳು ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಅಂದುಕೊಂಡೆ. "ಪುಂಡಿಪಲ್ಯ" ಎಂದಳು. ಆ ಮಾತಿಗೆ ಅವಳ ಗಂಟಲು ಒಮ್ಮೆ ಅಲುಗಿತು.

ಬದುಕಿದವರ ಹೆಸರನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಬಹುದು. ತಟ್ಟೆ ಸೀಳಿದರೆ, ತಳ ತೂತು ಬಿದ್ದರೆ ಹಾಗೆ ಮಾಡುತ್ತೇವೆ. ಹಳೆಯ ತಟ್ಟೆಯಿಂದ ಹೆಸರು ಹೆರೆಯುವಾಗ ಬೀಳುವ ಬೆಳ್ಳಿಯ ಪುಡಿಯನ್ನು ವೀಳ್ಯದೆಲೆಯ ಮೇಲೆ ಹಿಡಿಯಬೇಕು. ಹೊಸ ತಟ್ಟೆಗೆ ಅದೇ ಹೆಸರು ಕೊರೆದು, ಗೆರೆಗಳೊಳಗೆ ಆ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಬೇಕು. ಪುಡಿ ಒಂದೇ ಸಲಕ್ಕೆ. ಒಂದು ಹೆಸರಿಗೆ ಬೀಳುವುದು ಕಡಲೆಬೇಳೆಯಷ್ಟು. ತಿಕ್ಕಿದ ಮೇಲೆ ಅದು ಮತ್ತೆ ಕೈಗೆ ಬರುವುದಿಲ್ಲ. ಅದಕ್ಕೇ ಆ ಕೆಲಸ ಮಾಡುವಾಗ ಇಬ್ಬರು ಕೂರುತ್ತೇವೆ, ಒಬ್ಬ ಕೊರೆಯುವವನು, ಒಬ್ಬ ನೋಡುವವನು. ನೋಡುವವನು ಅಪ್ಪ ಆಗಬೇಕಿತ್ತು. ನಾನು ಅಪ್ಪನಿಗೆ ಹೇಳಲಿಲ್ಲ.

ನನ್ನ ಸೊಂಟದಲ್ಲಿ ಹುಟ್ಟಿದಾಗಿನಿಂದ ಇದ್ದ ಬೆಳ್ಳಿ ಉಡದಾರ ಕರಗಿಸಿದೆ. ಬಡಿದು ಬಡಿದು ಅಂಗೈಗಿಂತ ತುಸು ದೊಡ್ಡ ತಟ್ಟೆ ಮಾಡಿದೆ. ತೆಳ್ಳಗೆ, ಹಿಡಿದರೆ ಬಾಗುವಂಥದ್ದು. ಅಪ್ಪ ಕಟ್ಟೆಯ ಆ ತುದಿಯಲ್ಲಿ ಕುಳಿತು ನೋಡುತ್ತಿದ್ದ. ಏನಕ್ಕೆ ಎಂದು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ಶನಿವಾರ ಊಟವಾದ ಮೇಲೆ ಬಾಯಿಯವರು ಒಂದು ತಾಸು ಮಲಗುತ್ತಾರೆ. ಮೂರನೆಯ ಕಪಾಟಿನ ಬೀಗ ಆಟದ ಸಾಮಾನಿನಂಥದ್ದು, ನನ್ನ ಸಣ್ಣ ಉಳಿಗೆ ಅದು ತಡವಾಗಲಿಲ್ಲ. ಕೈಗವಸು ಕಿತ್ತು ಎಸೆದೆ. ಆರು ವರ್ಷದ ಮೇಲೆ, ಅಲ್ಲ, ಹುಟ್ಟಿದ ಮೇಲೆ ಮೊದಲ ಸಲ ಅವ್ವನ ತಟ್ಟೆಯನ್ನು ಬೋರಲು ಹಾಕಿದೆ. ಊರಿನ ಎಲ್ಲರ ತಟ್ಟೆಯ ಬೆನ್ನು ನೋಡಿದವನು ನಾನು. ಮನೆಯೊಳಗಿನ ಇದೊಂದನ್ನು ನೋಡಿರಲಿಲ್ಲ.

ಬೂದಿ, ಹುಣಸೆಹಣ್ಣು ಹಾಕಿ ನಲವತ್ತು ವರ್ಷ ಉಜ್ಜಿದ ತಳ. ಅಕ್ಷರ ಸವೆದಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ಓದಿದೆ: ನಿಲವ್ವ. ನೀ ಎಂಬುದರ ಬಾಲ ಇರಲಿಲ್ಲ. ಊರೆಲ್ಲ ನೀಲವ್ವ, ನೀಲವ್ವ ಎಂದು ಕೂಗುವ ಹೆಸರು, ನನ್ನ ಅವ್ವನ ಹೆಸರು. ಅದರ ಬಾಲವನ್ನೂ ಉಜ್ಜಿ ಉಜ್ಜಿ ಸವೆಸಿದ್ದಾಳೆ ಅಂದುಕೊಂಡೆ. ನಮ್ಮೆಲ್ಲರ ಪಾತ್ರೆ ತಿಕ್ಕಿದ ಕೈ ಅಲ್ಲವೇ. ಹಲ್ಲು ಕಡಿದು ಹೆರೆಯತೊಡಗಿದೆ. ಪುಡಿ ಎಲೆಯ ಮೇಲೆ ಬಿತ್ತು. ಎಲೆ ಮಡಚಿ ಜೇಬಿಗಿಟ್ಟು, ತಟ್ಟೆ ಇದ್ದಲ್ಲೇ ಇಟ್ಟು, ಬೀಗ ಸಿಕ್ಕಿಸಿ ಬಂದೆ.

ಭಾನುವಾರ ಬೆಳಿಗ್ಗೆ ಅಪ್ಪ ಕೆರೆಯ ಕಡೆ ಹೋದಾಗ ಹೊಸ ತಟ್ಟೆಯನ್ನು ಬೋರಲು ಹಾಕಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಶಾಲೆ ಬಿಟ್ಟದ್ದು ಆರನೆಯ ಇಯತ್ತೆಯಲ್ಲಿ. ತೆಗ್ಗಿನಮನಿ ಮಾಸ್ತರ ನನ್ನನ್ನು ಹಲಗೆಯ ಹತ್ತಿರ ಕರೆದು ನೀರು ಎಂದು ಬರೆ ಎಂದರು. ನಾನು ನಿರು ಎಂದು ಬರೆದೆ. ರೂಲು ಪಟ್ಟಿಯ ಅಂಚಿನಿಂದ ಬೆರಳ ಗೆಣ್ಣಿನ ಮೇಲೆ ಹೊಡೆದರು. "ಗುಡಿಸಿನ ದೀರ್ಘ ಬರಲಾರದವ ಹೆಸರು ಕೊರೀತಾನಂತ. ಇವರಪ್ಪಗ ಬರಂಗಿಲ್ಲ, ಇವನ ಮುತ್ಯಾಗಂತೂ ಹುಟ್ಟಾ ಬರಲಿಲ್ಲ" ಎಂದರು. ನಲವತ್ತು ಹುಡುಗರು ನಕ್ಕರು. ಮರುದಿನದಿಂದ ನಾನು ಆ ಕಡೆ ತಲೆ ಹಾಕಲಿಲ್ಲ. ಆದರೆ ತಾಮ್ರದ ತಗಡಿನ ಚೂರು ಸಿಕ್ಕಲ್ಲೆಲ್ಲ ನೀ ಕೊರೆದೆ, ಕೀ ಕೊರೆದೆ, ಪೀ ಕೊರೆದೆ. ಬೆರಳು ಬಾತುಕೊಳ್ಳುವವರೆಗೆ ಕೊರೆದೆ. ಈಗ ನನ್ನಷ್ಟು ಚಂದ ದೀರ್ಘ ಎಳೆಯುವವನು ನಮ್ಮ ಊರಲ್ಲಿ ಇಲ್ಲ. ಕೊಕ್ಕರೆಯ ಕೊರಳಿನ ಹಾಗೆ ಬಾಗಿ ಏಳುತ್ತದೆ ಅದು.

ಅವ್ವನ ಹೆಸರಿಗೆ ನಾನು ಅಂಥ ದೀರ್ಘ ಎಳೆದೆ. ಇಡೀ ಊರಿನಲ್ಲಿ ಅಂಥದ್ದೊಂದು ಇಲ್ಲ. ನೀಲವ್ವ. ಪುಡಿ ಬಿಡಿಸಿ ಗೆರೆಗಳೊಳಗೆ ತಿಕ್ಕಿದೆ. ಹಳೆಯ ಬೆಳ್ಳಿ ಹೊಸ ಬೆಳ್ಳಿಯೊಳಗೆ ಕೂತಿತು. ಎಲೆಯನ್ನು ಜಾಡಿಸಿದೆ, ಒಂದು ಕಣವೂ ಉಳಿದಿರಲಿಲ್ಲ.

ಪುಂಡಿಪಲ್ಯವನ್ನು ನಾನೇ ಮಾಡಿದೆ. ಅವ್ವ ಮಲಗಿದಲ್ಲಿಂದಲೇ ಹೇಳಿದಳು: ಪುಂಡಿಸೊಪ್ಪಿನ ಎಲೆ ಬಿಡಿಸು, ತೊಗರಿಬೇಳೆ ಒಂದು ಹಿಡಿ, ನುಚ್ಚು ಅರ್ಧ ಹಿಡಿ, ಬಳ್ಳೊಳ್ಳಿ ಒಗ್ಗರಣೆ ಕಡೆಗೆ. "ಯಾರಿಗೆ ಮಾಡಾಕತ್ತೀಯೋ?" ಎಂದು ಕೇಳಿದಳು. ನಿನಗೇ ಎಂದೆ. ಅಪ್ಪ ಬಂದು ಮೂಲೆಯಲ್ಲಿ ಕುಳಿತ. ಅವ್ವನನ್ನು ಎತ್ತಿ ಗೋಡೆಗೆ ಒರಗಿಸಿದೆ. ಹತ್ತಿಯ ಗಂಟಿನಷ್ಟು ಹಗುರಾಗಿದ್ದಳು. ಹೊಸ ತಟ್ಟೆಯಲ್ಲಿ ಪಲ್ಯ ಹಾಕಿ, ರೊಟ್ಟಿ ಮುರಿದು ಅವಳ ತೊಡೆಯ ಮೇಲಿಟ್ಟೆ.

"ಇದ್ಯಾರ ತಟ್ಟಿ?"

"ನಿಂದು. ಹೆಸರು ದಾಟಿಸೇನಿ."

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ತುತ್ತು ಮಾಡಿದಳು, ಬಾಯಿಗಿಟ್ಟಳು. ಅಗಿದಳು. ಅವಳು ಕಣ್ಣು ಮುಚ್ಚಿ ಇನ್ನೂ ಅಗಿಯುತ್ತಿದ್ದಳು, ಬಹಳ ಹೊತ್ತು, ಬೀದಿಯಲ್ಲಿ ಯಾರೋ ಕರೆದರೇನೋ ಎಂದು ಕಿವಿಗೊಟ್ಟವರ ಹಾಗೆ. ನುಂಗಿದಳು. ಕಣ್ಣು ತೆರೆದಳು.

"ಒಂದ್ ಹಸಿ ಮೆಣಸಿನಕಾಯಿ ಕೊಡ್ತೀಯೇನು?" ಎಂದಳು.

ಇನ್ನೊಂದು ತುತ್ತು ಉಣ್ಣು ಎಂದೆ, ದೊಡ್ಡ ತುತ್ತು ಉಣ್ಣು ಎಂದೆ. ನನ್ನ ಮನಸ್ಸಿಗಾಗಿ ಉಂಡಳು. ಮೂರನೆಯದಕ್ಕೆ ಕೈ ಅಲ್ಲೇ ನಿಂತಿತು. ಪುಡಿ ಎಲ್ಲೋ ಚೆಲ್ಲಿರಬೇಕು, ಜೇಬಿನಲ್ಲಿ ಉಳಿದಿರಬೇಕು ಎಂದು ನಾನು ಅಂಗಿಯ ಜೇಬನ್ನು ಒಳಹೊರಗು ಮಾಡಿ ಜಾಡಿಸುತ್ತಿದ್ದಾಗ ಬಾಗಿಲ ಮುಂದೆ ಕಾರು ನಿಂತಿತು.

ಬಾಯಿಯವರು ಒಬ್ಬರೇ ಬಂದಿದ್ದರು. ಅತಿಥಿಗಳನ್ನು ಮೇಜಿನ ಮುಂದೆಯೇ ಬಿಟ್ಟು ಬಂದಿದ್ದರು. ಎದೆಗೆ ಅವುಚಿಕೊಂಡಿದ್ದ ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿ ತಟ್ಟೆಯನ್ನು ನನ್ನ ಮುಖಕ್ಕೆ ಹಿಡಿದರು.

"ಬದುಕಿದ ಹೆಸರೊಂದೇ ಇದ್ದದ್ದು ಇದರಲ್ಲಿ. ಅದನ್ನೂ ಹೆರೆದೆಯಲ್ಲೋ. ಇಷ್ಟು ವರ್ಷ ನಾನು ಒಂದು ಗೀರು ಬೀಳದ ಹಾಗೆ ಕಾದೆ. ನೋಡು, ನೀನು ಮಾಡಿದ್ದನ್ನು ನೀನೇ ನೋಡು."

ಬಾಯಿ ಅಗಲಿಸಿ ಉಸಿರು ಬಿಟ್ಟರು. ಆವಿ ಕಟ್ಟಿತು. ಹಳೆಯ ಆರು ಹೆಸರು ಎದ್ದವು. ಅವುಗಳ ಕೆಳಗೆ, ನಾನು ಹೆರೆದ ಜಾಗದಲ್ಲಿ, ಏಳನೆಯದೂ ಎದ್ದಿತು. ನಿಲವ್ವ. ಪಕ್ಕದಲ್ಲಿ ಏನೂ ಇರಲಿಲ್ಲ. ಬೆಳ್ಳಿಯ ಮೇಲೆ ಒಮ್ಮೆ ಉಳಿ ಆಡಿದರೆ ಸವೆಯಲಿ, ಹೆರೆಯಲಿ, ಆ ಗೆರೆ ಉಸಿರಿಗೆ ಎದ್ದು ಬರುತ್ತದೆ. ಅದು ಗೊತ್ತಿದ್ದವನು ನಾನು. ಶನಿವಾರ ಕಿಟಕಿಯ ಹತ್ತಿರ ನಾನೂ ಒಂದು ಉಸಿರು ಬಿಟ್ಟು ನೋಡಬಹುದಿತ್ತು. ನಿ ಅಕ್ಷರದ ಮುಂದೆ ಬೆಳ್ಳಿ ಕನ್ನಡಿಯ ಹಾಗೆ ನುಣ್ಣಗಿತ್ತು. ಬಾಲ ಸವೆದಿರಲಿಲ್ಲ. ಅದು ಯಾವತ್ತೂ ಇರಲೇ ಇಲ್ಲ.

"ನಿಮ್ಮ ಮುತ್ಯಾ ದೀರ್ಘ ಎಳದವನ ಅಲ್ಲಲೇ" ಎಂದ ಅಪ್ಪ ಮೂಲೆಯಿಂದ. ಆರು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. "ಅಕಿ ನಿಲವ್ವನ ಇದ್ಲು. ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ."

ಬಾಯಿಯವರಿಗೆ ಇದೊಂದೂ ತಿಳಿಯಲಿಲ್ಲ. ಅವರ ಕಣ್ಣು ಅವ್ವನ ತೊಡೆಯ ಮೇಲಿದ್ದ ಸಣ್ಣ ತಟ್ಟೆಯ ಮೇಲೆ ಬಿದ್ದಿತ್ತು. ಬಗ್ಗಿ, ಅದರೊಳಗಿದ್ದ ಪಲ್ಯ, ರೊಟ್ಟಿಯನ್ನು ಅವ್ವನ ಸ್ಟೀಲಿನ ತಟ್ಟೆಗೆ ಸರಿಸಿ, ಎತ್ತಿ, ತಿರುವಿ ನೋಡಿದರು. ಕೋಪದ ಮುಖ ನಿಧಾನಕ್ಕೆ ಸಡಿಲಾಯಿತು.

"ಎಷ್ಟು ಶುದ್ಧವಾಗಿ ಕೊರೆದಿದ್ದೀಯ" ಎಂದರು. "ಕಾಗುಣಿತದಲ್ಲಿ ಒಂದು ತಪ್ಪಿಲ್ಲ. ಈ ಊರಿನಲ್ಲಿ ಇಂಥದ್ದು ನಾನು ನೋಡೇ ಇಲ್ಲ."

ನಾನು ಎದ್ದೆ. ಏನು ಮಾಡಲು ಎದ್ದೆನೋ ಗೊತ್ತಿಲ್ಲ. ಅವ್ವ ನನ್ನ ಧೋತರದ ಅಂಚು ಹಿಡಿದುಕೊಂಡಳು. ಹದಿಮೂರು ದಿನ ಉಣ್ಣದ ಬೆರಳಿಗೆ ಬಲವೆಲ್ಲಿಂದ ಬರಬೇಕು, ಆದರೂ ನಾನು ಅಲ್ಲೇ ನಿಂತೆ.

"ಅದರ ಪುಡಿ ಇದರಲ್ಲಿದೆ, ಎರಡೂ ಒಂದೇ ಕಡೆ ಇರಬೇಕು" ಎಂದರು ಬಾಯಿಯವರು. ದಬಾಯಿಸಿ ಕೇಳಲಿಲ್ಲ, ಬೇಡಿದರು. "ಇದನ್ನಾದರೂ ನನಗೆ ಕೊಡಿ. ಪೊಲೀಸು ಗಿಲೀಸು ಅಂತ ನಾನು ಹೋಗುವುದಿಲ್ಲ."

"ಒಯ್ರಿ ಬಾಯಾರ" ಎಂದಳು ಅವ್ವ. "ಅದು ನಂದಲ್ಲ. ಯಾವಕ್ಕೋ ನೀಲವ್ವಂದು."

ಕಾರು ಹೋಯಿತು. ನಾನು ಅಂಗಳಕ್ಕೆ ಬಂದು ಉಳಿಗಳ ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಎಸೆದೆ. ಒಂದೊಂದು ಉಳಿಯೂ ಒಂದೊಂದು ಕಡೆ ಹಾರಿತು. ಅಪ್ಪ ಹೊರಗೆ ಬಂದು, ಬಗ್ಗಿ ಬಗ್ಗಿ, ನಡುಗುವ ಕೈಯಿಂದ ಅವನ್ನೆಲ್ಲ ಆರಿಸಿ ಪೆಟ್ಟಿಗೆಗೆ ಹಾಕಿದ. ನಾನು ಸಹಾಯ ಮಾಡಲಿಲ್ಲ. ಮಾಸ್ತರರನ್ನು ಬೈದೆ, ಮುತ್ಯಾನನ್ನು ಬೈದೆ, ಬಾಯಿಯವರ ಏಳು ತಲೆಮಾರನ್ನು ಬೈದೆ. ಬೈಯಲು ನಾನೊಬ್ಬನೇ ಉಳಿದಾಗ ಒಳಗಿನಿಂದ ಅವ್ವ ಕರೆದಳು.

"ಪಲ್ಯ ಉಳದೈತಲ್ಲ ಮೋನ್ಯಾ. ನಿನ್ನ ತಟ್ಟಿ ತಗೊಂಡು ಬಾ, ಉಣ್ಣು."

"ನನಗ ಬ್ಯಾಡ."

"ಉಣ್ಣು. ಉಂಡು ನನಗ ಹೇಳು."

"ಏನ್ ಹೇಳ್ಲಿ?"

"ಹೆಂಗೈತಿ ಅಂತ."

ನನ್ನ ತಟ್ಟೆ ತಂದು ಅವಳ ಹಾಸಿಗೆಯ ಪಕ್ಕ ಕುಳಿತೆ. ತಿಂದೆ. "ಚಲೋ ಐತಿ" ಎಂದೆ.

"ಚಲೋ ಅನ್ನೂದು ರುಚಿಯೇನು? ಸಂತ್ಯಾಗಿನ ಎತ್ತಿಗೂ ಚಲೋ ಅಂತಾರ."

"ಹುಳಿ ಐತಿ."

"ಎಂಥಾ ಹುಳಿ? ಹುಣಸಿ ಹುಳಿಯೋ, ಮಜ್ಜಿಗಿ ಹುಳಿಯೋ?"

ಆರನೆಯ ಇಯತ್ತೆಯವರೆಗೆ ಅಂಥ ಪಾಠ ಯಾರೂ ಮಾಡಿರಲಿಲ್ಲ, ಆಮೇಲೂ ಮಾಡಿರಲಿಲ್ಲ. ಇನ್ನೊಂದು ತುತ್ತು ಬಾಯಲ್ಲಿ ಇಟ್ಟುಕೊಂಡು ಕುಳಿತೆ. "ಎರಡೂ ಅಲ್ಲ. ಮದ್ಲ ಹಲ್ಲಿನ ಬುಡಕ್ಕ ಬಡೀತೈತಿ. ಆಮ್ಯಾಲ ಕಿವಿ ಕೆಳಗ ಯಾರೋ ಹಿಂಡಿದಂಗ ಆಗತೈತಿ. ನೀರು ಬರ್ತಾವು ಬಾಯಾಗ. ಹುಳಿ ಹೋದ ಮ್ಯಾಲ ಹಿಂದ ಒಂದ್ ಸ್ವಲ್ಪ ಒಗರು ಉಳೀತೈತಿ, ಎಳೇ ಮಾವಿನಕಾಯಿ ಸಿಪ್ಪಿ ಕಚ್ಚಿದಂಗ."

ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಗಂಟಲು ಅಲುಗಿತು. "ಬಳ್ಳೊಳ್ಳಿ?"

"ಕರಕಲಾಗೇತಿ. ಕಹಿ ಐತಿ."

"ಹೊತ್ತಿಸಿರ್ತೀ. ನನಗ ಗೊತ್ತು." ಅವಳ ತುಟಿ ತುಸು ಹಿಗ್ಗಿತು. "ಉಪ್ಪು?"

ಪಲ್ಯಕ್ಕೆ ನಾನು ಉಪ್ಪೇ ಹಾಕಿರಲಿಲ್ಲ. ನೆಟ್ಟಗೆ ಐತಿ ಎಂದೆ. "ಸುಳ್ಳ ಹೇಳಬ್ಯಾಡ, ಉಪ್ಪಿನ ಭರಣಿ ಸಪ್ಪಳ ಆಗಿಲ್ಲ" ಎಂದಳು. ಅಪ್ಪ ಎದ್ದು ಒಳಗಿಂದ ಉಪ್ಪು ತಂದು ನನ್ನ ತಟ್ಟೆಗೆ ಉದುರಿಸಿದ. ಕಲಸಿ ತಿಂದೆ. ಆಗ ಏನಾಯಿತು ಎಂಬುದನ್ನೂ ಹೇಳಿದೆ. ನಾನು ಹೇಳುತ್ತಿದ್ದ ಹಾಗೇ ಅವಳು ಸ್ಟೀಲಿನ ತಟ್ಟೆಯಿಂದ ಎರಡು ತುತ್ತು ಉಂಡಳು.

ದಿನಾ ಮಧ್ಯಾಹ್ನ ಹೀಗೆ ನಡೆಯಿತು. ನಾನು ಉಣ್ಣುವುದು, ಹೇಳುವುದು. ಅವಳು ಕೇಳುವುದು, ಎರಡು ತುತ್ತೋ ಮೂರು ತುತ್ತೋ ನುಂಗುವುದು. ಮಾತು ಸಾಲದೇ ಹೋದಾಗ ಅಪ್ಪನ ತಟ್ಟೆಗೂ ಸ್ವಲ್ಪ ಹಾಕುತ್ತಿದ್ದೆ, ಅವನು ತನಗೆ ತಿಳಿದದ್ದನ್ನು ಸೇರಿಸುತ್ತಿದ್ದ. ಹಾಗಲಕಾಯಿಯ ಬಗ್ಗೆ ನಾವಿಬ್ಬರೂ ಒಂದು ತಾಸು ಜಗಳಾಡಿದೆವು. ಊರಿನ ಸಪ್ಪೆ ಮಂದಿಗೆ ಸಿಗದ ದಿನಗಳು ಅವಳಿಗೆ ಸಿಕ್ಕವು. ಎಷ್ಟು ಎಂದು ನಾನು ಎಣಿಸುವುದನ್ನು ಬಿಟ್ಟಿದ್ದೆ.

ಆದರೂ ಎರಡು ತುತ್ತು ಒಂದಾಯಿತು, ಒಂದು ಅರ್ಧವಾಯಿತು. ಕಡೆಯ ದಿನ ಕುಂಬಳಕಾಯಿ ಪಲ್ಯ ಮಾಡಿದ್ದೆ. ಉಪ್ಪು ಸರಿಯಾಗಿತ್ತು, ಒಗ್ಗರಣೆ ಹೊತ್ತಿರಲಿಲ್ಲ. ಸಿಹಿ ಐತಿ ಯವ್ವಾ ಎಂದೆ. ಎಂಥಾ ಸಿಹಿ ಎಂದು ಅವಳು ಕೇಳಬೇಕಿತ್ತು. ನಾನು ಕಾದೆ. ಬೆಲ್ಲದ ಹಂಗಲ್ಲ, ನಾಲಿಗಿ ಮ್ಯಾಲ ಮೆತ್ತಗ ಕೂಡತೈತಿ ಎಂದೆ. ಮತ್ತೆ ಕಾದೆ. ಅವಳ ಕೈ ನನ್ನ ಮಂಡಿಯ ಮೇಲಿತ್ತು, ಅದರ ತೂಕ ಬದಲಾಗಿತ್ತು. ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಉಳಿದಿದ್ದವು. ನಾನು ತಟ್ಟೆ ಕೆಳಗಿಡಲು ಹೋದೆ.

"ಹೇಳು" ಎಂದ ಅಪ್ಪ. "ಮುಗೀಲಿ. ಅರ್ಧಕ್ಕ ಬಿಡಬ್ಯಾಡ."

ಎರಡೂ ತುತ್ತು ಉಂಡೆ, ಹೇಳಿದೆ.